ಕೋನ್ ಹೊಂದಿತು, ಕಪ್ ಹೊಂದಲಿಲ್ಲ: ಟ್ರಾವೆಲ್ ಟ್ರೇಲರ್‌ನ ಒಂದು ಬೇರಿಂಗ್ ಪ್ರಕರಣ

ಚಕ್ರದ ನಡುವಿನ ಹಬ್‌ನ ಒಳಗಿಂದ ತಗಡಿನ ಪಟ್ಟಿಯೊಂದು ಹೊರಗೆ ಬಂತು. ಒಂದು ಸೆಂಟಿಮೀಟರ್ ಅಗಲ. ಮೂರು ತುಂಡಾಗಿತ್ತು. ಸುಟ್ಟ ಗ್ರೀಸ್ ಮೆತ್ತಿಕೊಂಡು ಕಪ್ಪಾಗಿತ್ತು. ಬೇರಿಂಗ್ ಕೂರುವ ಜಾಗದಲ್ಲಿ ತಗಡಿಗೆ ಏನು ಕೆಲಸ? ಗೆಳೆಯ ಅದನ್ನು ಬೆರಳಲ್ಲಿ ಹಿಡಿದು ನನ್ನ ಮುಖ ನೋಡಿದ. ನನಗೂ ಆ ಕ್ಷಣಕ್ಕೆ ಉತ್ತರ ಗೊತ್ತಿರಲಿಲ್ಲ. ಆ ಪಟ್ಟಿಯ ದಪ್ಪ ಅಳೆದ ಮೇಲೆಯೇ ಯಾವ ಬೇರಿಂಗ್ ತರಿಸಬೇಕು ಅನ್ನುವುದು ಗೊತ್ತಾಯಿತು.

ಟ್ರೇಲರ್ ಗೆಳೆಯನದು, ಗಾಡಿಯ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಮನೆ. ಬಳಸಿದ್ದನ್ನು ಕೊಂಡಿದ್ದ. ಎರಡು ಆಕ್ಸಲ್, ನಾಲ್ಕು ಚಕ್ರ. ಒಂದೊಂದು ಆಕ್ಸಲ್ 3500 ಪೌಂಡ್ ಹೊರುವಂಥದ್ದು, ಅಂದರೆ ಸುಮಾರು 1588 ಕಿಲೋ. ಬ್ರೇಕ್ 10 ಇಂಚಿನ ಎಲೆಕ್ಟ್ರಿಕ್ ಡ್ರಮ್. ಹಬ್ ಮತ್ತು ಡ್ರಮ್ ಒಂದೇ ಎರಕದಲ್ಲಿ ಬಂದಿರುವ ಬಗೆ. ಮಾರಿದವರು "ಒಂದು ಚಕ್ರದ ಬೇರಿಂಗ್ ಹೋಗಿತ್ತು, ಹೊಸದು ಹಾಕಿಸಿದ್ದೇವೆ" ಎಂದಿದ್ದರು. ಆ ಮಾತು ಸುಳ್ಳಲ್ಲ. ಹೊಸದನ್ನೇ ಹಾಕಿಸಿದ್ದರು.

ಮೊದಲ ಪ್ರವಾಸ ಸುಮಾರಾಗಿ ಮುಗಿಯಿತು. ಎರಡನೆಯದರಲ್ಲಿ ನಾನೂ ಜೊತೆಗಿದ್ದೆ. ಎರಡು ಗಂಟೆ ಓಡಿಸಿ ನಿಲ್ಲಿಸಿದಾಗ ಬಲಗಡೆ ಹಿಂದಿನ ಚಕ್ರದ ಹತ್ತಿರ ಕಾದ ಎಣ್ಣೆಯ ವಾಸನೆ ಬರುತ್ತಿತ್ತು.

ಬಿಸಿ ಬ್ರೇಕಿನದೋ, ಬೇರಿಂಗಿನದೋ?

ನನ್ನ ಬಳಿ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಮೂರು ಹಬ್‌ಗಳು 45ರಿಂದ 50 ಡಿಗ್ರಿ ಸೆಲ್ಸಿಯಸ್ ತೋರಿಸಿದವು. ಬಲಗಡೆ ಹಿಂದಿನದು 96. ಇಲ್ಲಿ ಒಂದು ಎಚ್ಚರಿಕೆ ಬೇಕು. ಹೊಳೆಯುವ ಲೋಹದ ಮೇಲೆ ಈ ಥರ್ಮಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಬ್‌ನ ನಡುವಿನ ಕ್ಯಾಪ್ ಮಿರಮಿರ ಮಿಂಚುತ್ತಿದ್ದರೆ ಅದರ ಮೇಲಿನ ಅಂಕಿ ನಂಬುವಂಥದ್ದಲ್ಲ. ನಾಲ್ಕೂ ಕ್ಯಾಪ್‌ಗಳ ಮೇಲೆ ಕಾಗದದ ಟೇಪಿನ ಚೂರು ಅಂಟಿಸಿ, ಅದರ ಮೇಲೆ ಅಳೆಯಿರಿ. ಆಗ ನಾಲ್ಕನ್ನೂ ಒಂದಕ್ಕೊಂದು ಹೋಲಿಸಬಹುದು. ನಿಜವಾಗಿ ಬೇಕಾದ್ದು ಆ ಹೋಲಿಕೆಯೇ. ಬರೀ 60 ಡಿಗ್ರಿ ಅಂದರೆ ಏನೂ ಗೊತ್ತಾಗುವುದಿಲ್ಲ. ಮೂರು 48, ಒಂದು 96 ಅಂದರೆ ಬೇಕಾದಷ್ಟು ಗೊತ್ತಾಗುತ್ತದೆ.

ಚಕ್ರ ಬಿಸಿಯಾಗಿದ್ದಕ್ಕೇ ಬೇರಿಂಗ್ ಹೋಯಿತು ಅನ್ನುವ ಹಾಗಿಲ್ಲ. ಬ್ರೇಕ್ ಶೂ ಡ್ರಮ್‌ಗೆ ತಾಗುತ್ತಲೇ ಇದ್ದರೂ ಬಿಸಿ ಏರುತ್ತದೆ. ಆಗ ಡ್ರಮ್‌ನ ಅಂಚು ಜಾಸ್ತಿ ಕಾದಿರುತ್ತದೆ, ನಡುವಿನ ಕ್ಯಾಪ್ ಕಡಿಮೆ. ಇಲ್ಲಿ ಅದು ತಿರುಗಾಮುರುಗಾ ಆಗಿತ್ತು. ಆದರೂ ಖಚಿತ ಮಾಡಿಕೊಳ್ಳಬೇಕಲ್ಲ? ಟ್ರೇಲರ್‌ನ ವಿದ್ಯುತ್ ಪ್ಲಗ್ ಕಿತ್ತೆವು. ಜಾಕನ್ನು ಚಾಸಿಸ್ ಕೆಳಗೆ ಕೊಟ್ಟು ಚಕ್ರ ಎತ್ತಿದೆವು. ಆಕ್ಸಲ್ ಕೊಳವೆಗೇ ಜಾಕ್ ಕೊಡಬೇಡಿ, ಅದು ಬಾಗಬಹುದು. ಬ್ರೇಕಿನ ನಕ್ಷತ್ರ ಚಕ್ರ ತಿರುಗಿಸಿ ಶೂ ಸಡಿಲ ಮಾಡಿದೆವು. ಆಮೇಲೆ ಚಕ್ರ ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಸದ್ದು. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅಂತ ಆಟ, ಅಂದರೆ ಸಡಿಲ. ಇನ್ನು ಅನುಮಾನವೇ ಉಳಿಯಲಿಲ್ಲ.

"ನಟ್ ಒಂದು ಸುತ್ತು ಬಿಗಿ ಮಾಡಿದರೆ ಊರು ಸೇರಲ್ವಾ?" ಎಂದ ಗೆಳೆಯ. ಅವನ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಬೇರಿಂಗ್ ಕೆಟ್ಟು ಬಂದ ಆಟ ನಟ್ ಬಿಗಿದರೆ ಹೋಗುವುದಿಲ್ಲ. ಬಿಗಿದಷ್ಟೂ ರೋಲರ್ ಒತ್ತಿಕೊಂಡು ಇನ್ನೂ ಕಾಯುತ್ತದೆ. ಓಡುತ್ತಿರುವಾಗ ಬೇರಿಂಗ್ ಹಿಡಿದುಕೊಂಡರೆ ಸ್ಪಿಂಡಲ್, ಅಂದರೆ ಚಕ್ರ ಕೂರುವ ಆಕ್ಸಲ್ ತುದಿ, ಸವೆಯುತ್ತದೆ. ಕೊನೆಗೆ ಚಕ್ರವೇ ಕಳಚಿಕೊಳ್ಳುವುದೂ ಉಂಟು. ಹಿಂದೆ ಬರುವ ಗಾಡಿಯಲ್ಲೂ ಜನ ಇರುತ್ತಾರೆ. ಅಲ್ಲೇ ಬಿಚ್ಚಿದೆವು.

ಒಳಗೆ ಕಂಡದ್ದು

ಈ ಹಬ್‌ನಲ್ಲಿ ಎರಡು ಟೇಪರ್ ರೋಲರ್ ಬೇರಿಂಗ್ ಇರುತ್ತವೆ. ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಭಾರದ ಹೆಚ್ಚಿನ ಪಾಲು ಒಳಗಿನದರ ಮೇಲೆ ಬೀಳುತ್ತದೆ. ಒಂದೊಂದು ಬೇರಿಂಗ್‌ಗೂ ಎರಡು ಭಾಗ. ರೋಲರ್‌ಗಳು ಮತ್ತು ಅವನ್ನು ಹಿಡಿದಿಡುವ ಕೇಜ್ ಸೇರಿಕೊಂಡ ಒಳ ಉಂಗುರ ಕೋನ್. ಹಬ್‌ನ ದುಂಡು ರಂಧ್ರ, ಅಂದರೆ ಬೋರ್‌ನೊಳಗೆ ಬಿಗಿಯಾಗಿ ಕೂರುವ ಹೊರ ಉಂಗುರ ಕಪ್. ಕೋನ್ ಸ್ಪಿಂಡಲ್ ಮೇಲೆ ಜಾರಿ ಕೂರುತ್ತದೆ.

ರೋಲರ್ ನೇರ ಸಿಲಿಂಡರ್ ಆಗಿರದೆ ಯಾಕೆ ಓರೆಯಾಗಿದೆ? ಚಕ್ರದ ಮೇಲೆ ಬರುವ ಒತ್ತಡ ಮೇಲಿನಿಂದ ಮಾತ್ರ ಅಲ್ಲ. ತಿರುವಿನಲ್ಲಿ ಪಕ್ಕದಿಂದಲೂ ಬರುತ್ತದೆ. ಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕನ್ 1898ರಲ್ಲಿ ಟೇಪರ್ ರೋಲರ್ ಬೇರಿಂಗ್‌ಗೆ ಪೇಟೆಂಟ್ ಪಡೆದದ್ದು ಇದೇ ತೊಂದರೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಎರಡು ಆಕ್ಸಲ್ ಇರುವ ಟ್ರೇಲರ್‌ಗೆ ಈ ಪಕ್ಕದ ಒತ್ತಡ ಇನ್ನೂ ಜಾಸ್ತಿ. ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವಾಗ ಮುಂದಿನ ಮತ್ತು ಹಿಂದಿನ ಚಕ್ರ ಬೇರೆ ಬೇರೆ ದಾರಿಗೆ ಎಳೆಯುತ್ತವೆ. ಟೈರ್ ನೆಲದ ಮೇಲೆ ಅಡ್ಡಕ್ಕೆ ಉಜ್ಜುವುದು ಕಣ್ಣಿಗೇ ಕಾಣುತ್ತದೆ. ಆ ಎಳೆತವೆಲ್ಲ ಬೇರಿಂಗ್‌ಗಳ ಮೇಲೆಯೇ ಬೀಳುತ್ತದೆ.

ಹೊರಗಿನ ಬೇರಿಂಗ್ ಕೆಟ್ಟಿರಲಿಲ್ಲ. ಒಳಗಿನದರ ಗ್ರೀಸ್ ಕಪ್ಪಾಗಿತ್ತು. ಬೆಳಕಿಗೆ ಹಿಡಿದರೆ ಲೋಹದ ಪುಡಿ ಮಿನುಗುತ್ತಿತ್ತು. ರೋಲರ್‌ಗಳ ದಪ್ಪ ತುದಿಯಲ್ಲಿ ಕಂದು ಬಣ್ಣ. ಹಳೇ ಗ್ರೀಸ್ ಅಂಟಿಕೊಂಡರೂ ಕಂದು ಕಲೆ ಕಾಣುತ್ತದೆ, ಆದರೆ ಅದು ಸಾಲ್ವೆಂಟ್ ಹಾಕಿ ಉಜ್ಜಿದರೆ ಹೋಗುತ್ತದೆ. ಇದು ಹೋಗಲಿಲ್ಲ. ಅಂದರೆ ಉಕ್ಕೇ ಕಾದಿತ್ತು. ಉಕ್ಕು 220 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಇನ್ನಷ್ಟು ಕಾದರೆ ಕಂದು, 300ರ ಹತ್ತಿರ ನೀಲಿ. ಆ ಮಟ್ಟ ಮುಟ್ಟಿದ ಬೇರಿಂಗ್ ತನ್ನ ಗಡಸುತನ ಕಳೆದುಕೊಂಡಿರುತ್ತದೆ. ತೊಳೆದು ಮತ್ತೆ ಹಾಕುವ ಮಾತೇ ಇಲ್ಲ.

ಕಪ್ ತೆಗೆಯಲು ಹಿತ್ತಾಳೆಯ ಸರಳು, ಸುತ್ತಿಗೆ ಸಿದ್ಧ ಮಾಡಿಕೊಂಡಿದ್ದೆ. ಬೇಕಾಗಲಿಲ್ಲ. ಬೆರಳು ಹಾಕಿ ಎಳೆದರೆ ಬಂದುಬಿಟ್ಟಿತು. ಅದರ ಹಿಂದೆಯೇ ಆ ತಗಡಿನ ಪಟ್ಟಿಯೂ ಬಂತು.

ನಾಲ್ಕು ನಂಬರ್

ಕೆಟ್ಟ ಬೇರಿಂಗ್ ಕೈಗೆ ಬಂದರೆ ಮೊದಲು ಮಾಡಬೇಕಾದ ಕೆಲಸ ಅದನ್ನು ಎಸೆಯದಿರುವುದು. ಒರೆಸಿ, ಉಂಗುರದ ಅಂಚಿನಲ್ಲಿ ಕೊರೆದಿರುವ ನಂಬರ್ ಓದಬೇಕು. ಕೋನ್‌ನ ನಂಬರ್ ಬೇರೆ, ಕಪ್‌ನ ನಂಬರ್ ಬೇರೆ. ಒಂದು ಹಬ್‌ಗೆ ನಾಲ್ಕು ನಂಬರ್. ಭೂತಗನ್ನಡಿ ಹಿಡಿದು ಓದಿದರೆ ನಮಗೆ ಸಿಕ್ಕಿದ್ದು ಇವು: ಹೊರಗಿನ ಕೋನ್ ಎಲ್44649, ಅದರ ಕಪ್ ಎಲ್44610. ಒಳಗಿನ ಕೋನ್ ಎಲ್68149, ಅದರ ಕಪ್ ಎಲ್68110.

3500 ಪೌಂಡ್ ಆಕ್ಸಲ್‌ಗಳಲ್ಲಿ ತುಂಬಾ ಕಾಣಸಿಗುವ ಜೋಡಿ ಇದು. ನೋಡಿದ ತಕ್ಷಣ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. "ಇದೇ ನಂಬರ್ ತರಿಸೋಣ" ಅಂತ ಗೆಳೆಯ ಫೋನ್ ಕೈಗೆ ತೆಗೆದುಕೊಂಡ. ಆ ಪಟ್ಟಿ ಇಲ್ಲದಿದ್ದರೆ ನಾನೂ ತರಿಸೋಣ ಅನ್ನುತ್ತಿದ್ದೆ.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಪಟ್ಟಿ ಅಳೆದೆ. 0.4 ಮಿ.ಮೀ. ಕಪ್‌ನ ಹೊರ ವ್ಯಾಸ 59.13 ಮಿ.ಮೀ. ಪಟ್ಟಿ ಕಪ್‌ನ ಸುತ್ತ ಇತ್ತಲ್ಲ, ಹಾಗಾಗಿ ಎರಡೂ ಕಡೆ ಸೇರಿಸಬೇಕು. 59.13ಕ್ಕೆ 0.8 ಕೂಡಿಸಿದರೆ 59.93. ಈ ಅಂಕಿ ಬರೆದು ನೋಡುತ್ತಿದ್ದಂತೆ ತಲೆಯಲ್ಲಿ ಇನ್ನೊಂದು ನಂಬರ್ ಬಂತು: ಎಲ್68111. ಅದರ ಹೊರ ವ್ಯಾಸ 59.97 ಮಿ.ಮೀ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆಯ್ಕೆಯ ಇಡೀ ಗುಟ್ಟು ಇಲ್ಲಿದೆ. ಎಲ್68149 ಅನ್ನುವುದನ್ನು ಮೂರು ತುಂಡಾಗಿ ಓದಿ: ಎಲ್, 681, 49. ಮೊದಲ ಅಕ್ಷರ ಹಗುರ ವರ್ಗ ಅನ್ನುತ್ತದೆ. ಎಲ್‌ಎಂ ಅಂತ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ನಡುವಿನ 681 ಆ ಬೇರಿಂಗ್‌ನ ಮನೆತನ. ಕೊನೆಯ ಎರಡು ಅಂಕಿ 30ರಿಂದ 49ರೊಳಗೆ ಇದ್ದರೆ ಅದು ಕೋನ್. 10ರಿಂದ 19ರೊಳಗೆ ಇದ್ದರೆ ಕಪ್. ಹಾಗಾಗಿ 681 ಮನೆತನದ ಕೋನ್ 49. ಅದೇ ಮನೆತನದಲ್ಲಿ 10 ಒಂದು ಕಪ್, 11 ಇನ್ನೊಂದು ಕಪ್. ಎರಡರ ಒಳಗಿನ ಓರೆಯೂ ಒಂದೇ. ಎಲ್68149 ಕೋನ್ ಎರಡರಲ್ಲೂ ಚೆನ್ನಾಗಿ ಕೂರುತ್ತದೆ, ಚೆನ್ನಾಗಿ ತಿರುಗುತ್ತದೆ. ವ್ಯತ್ಯಾಸ ಹೊರ ವ್ಯಾಸದಲ್ಲಿ ಮಾತ್ರ: 0.84 ಮಿ.ಮೀ. ಪಕ್ಕ ಪಕ್ಕ ಇಟ್ಟರೂ ಕಣ್ಣಿಗೆ ಗೊತ್ತಾಗುವುದು ಕಷ್ಟ. ಸೆಟ್ ಲೆಕ್ಕದಲ್ಲಿ ಮಾರುವ ಕಡೆ 10ರ ಜೋಡಿಗೆ ಸೆಟ್ 13 ಅಂತಲೂ, 11ರ ಜೋಡಿಗೆ ಸೆಟ್ 17 ಅಂತಲೂ ಹೆಸರಿದೆ. ಹೊರಗಿನ ಚಿಕ್ಕ ಬೇರಿಂಗ್‌ನ ಜೋಡಿ ಸೆಟ್ 4.

ಈ ಕೊನೆಯ ಎರಡಂಕಿಯ ನಿಯಮ ಎಲ್ಲ ನಂಬರ್‌ಗಳಿಗೂ ಹೊಂದುವುದಿಲ್ಲ. 25580 ಕೋನ್‌ಗೆ 25520 ಕಪ್, 15123 ಕೋನ್‌ಗೆ 15245 ಕಪ್. ಇವು ಹಳೆಯ ಕ್ರಮದವು. ಅವನ್ನು ಕೋಷ್ಟಕ ನೋಡಿಯೇ ಜೋಡಿಸಬೇಕು.

ನಮ್ಮ ಊಹೆ ಸರಿಯೋ ಅಲ್ಲವೋ ಅಂತ ನೋಡಲು ಉಳಿದ ಮೂರು ಹಬ್ ಬಿಚ್ಚಬೇಕಾಯಿತು. ನಾಲ್ಕೂ ಡ್ರಮ್‌ಗಳ ಎರಕದ ಗುರುತು ಒಂದೇ ಆಗಿತ್ತು, ಅಂದರೆ ನಾಲ್ಕೂ ಒಂದೇ ಬಗೆ. ಬಲಗಡೆ ಮುಂದಿನದರ ಒಳಗಿನ ಕಪ್‌ನಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಅದನ್ನು ಹೇಗೂ ಬದಲಿಸಬೇಕಿತ್ತು. ಸರಳು ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಹೊಡೆದು ಕಪ್ ಹೊರಗೆ ತಂದೆ. ನಂಬರ್ ಎಲ್68111.

ನಡೆದದ್ದೇನು ಅಂತ ಈಗ ಹೇಳಬಹುದಿತ್ತು. ಹಿಂದೆ ಕೆಲಸ ಮಾಡಿದವರು "3500 ಪೌಂಡ್ ಆಕ್ಸಲ್‌ಗೆ" ಅಂತ ಬರೆದಿದ್ದ ಕಿಟ್ ತಂದಿರಬೇಕು. ಕೋನ್ ಸ್ಪಿಂಡಲ್‌ಗೆ ಸರಿಯಾಗಿ ಹೊಂದಿತು. ಕಪ್ ಹಬ್‌ನಲ್ಲಿ ಸಡಿಲವಾಯಿತು. ಅಲ್ಲಿಗೆ ಕೈ ನಿಲ್ಲಿಸಿ ಕಿಟ್ ವಾಪಸ್ ಮಾಡಬೇಕಿತ್ತು. ಅವರು ತಗಡು ಸುತ್ತಿ ಬಿಗಿ ಮಾಡಿದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಆ ಟ್ರೇಲರ್ ಒಳಗೆ ಒಂದು ಮನೆಯ ಸಾಮಾನೆಲ್ಲ ಇರುತ್ತದೆ. ಅದನ್ನು ಎಳೆಯುವ ಗಾಡಿಯಲ್ಲಿ ಮಕ್ಕಳು ಕೂತಿರುತ್ತಾರೆ.

ಕಪ್ ಬಿಗಿ ಇರಲೇಬೇಕು, ಕೋನ್ ಸಡಿಲ ಇರಬಹುದು. ಯಾಕೆ?

ಗೆಳೆಯ ಕೇಳಿದ: "ಕೋನ್ ಕೈಯಲ್ಲೇ ಜಾರಿ ಬರುತ್ತೆ, ಅದಕ್ಕೇನೂ ಆಗಲ್ಲ. ಕಪ್ ಸ್ವಲ್ಪ ಸಡಿಲ ಆದರೆ ಏನು ಮಹಾ?"

ಒಳ್ಳೆಯ ಪ್ರಶ್ನೆ. ಸ್ಪಿಂಡಲ್ ತಿರುಗುವುದಿಲ್ಲ. ಭಾರವೂ ಯಾವಾಗಲೂ ಒಂದೇ ದಿಕ್ಕಿನಿಂದ ಬರುತ್ತದೆ. ಹಾಗಾಗಿ ಕೋನ್ ತನ್ನ ಜಾಗದಲ್ಲೇ ಒತ್ತಿಕೊಂಡು ಕೂತಿರುತ್ತದೆ. ಆಗಾಗ ತುಸು ಸರಿದರೂ ತೊಂದರೆಯಿಲ್ಲ. ಕಪ್‌ನ ಸ್ಥಿತಿ ಬೇರೆ. ಅದು ಹಬ್ ಜೊತೆ ತಿರುಗುತ್ತಲೇ ಇರುತ್ತದೆ. ಭಾರ ಅದರ ಸುತ್ತಳತೆಯ ಎಲ್ಲ ಭಾಗವನ್ನೂ ಸರದಿಯಂತೆ ಒತ್ತುತ್ತಾ ಹೋಗುತ್ತದೆ. ಕಪ್ ಬೋರ್‌ಗಿಂತ ಕೂದಲೆಳೆ ಚಿಕ್ಕದಿದ್ದರೂ ಸಾಕು, ಪ್ರತಿ ಸುತ್ತಿಗೂ ಬೋರ್‌ನೊಳಗೆ ಒಂದಿಷ್ಟು ಸರಿಯುತ್ತದೆ, ಅಂದರೆ ತೆವಳುತ್ತದೆ.

ಎಷ್ಟು ತೆವಳುತ್ತದೆ? ಒಂದು ಲೆಕ್ಕ ಹಾಕಿ ನೋಡಿ. ಕಪ್ ಬೋರ್‌ಗಿಂತ ಸ್ವಲ್ಪವೇ ಚಿಕ್ಕದು ಅಂದುಕೊಳ್ಳಿ. ವ್ಯಾಸದಲ್ಲಿ ಬರೀ 0.04 ಮಿ.ಮೀ. ಕೊರತೆ. ಸುತ್ತಳತೆಯಲ್ಲಿ ಅದು 0.126 ಮಿ.ಮೀ. ಟೈರ್ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳಿದರೆ ಕಿಲೋಮೀಟರ್‌ಗೆ ಹೆಚ್ಚುಕಡಿಮೆ 476 ಸುತ್ತು. ಅಲ್ಲಿಗೆ ಕಿಲೋಮೀಟರ್‌ಗೆ 60 ಮಿ.ಮೀ. ತೆವಳಿಕೆ. ಮೂರು ಕಿಲೋಮೀಟರ್‌ಗೆ ಕಪ್ ತನ್ನ ಮನೆಯೊಳಗೆ ಒಂದು ಪೂರ್ತಿ ಸುತ್ತು ಉಜ್ಜಿದಂತೆ. ನೂರಾರು ಕಿಲೋಮೀಟರ್ ಓಡಿದರೆ ಏನಾಗಬಹುದು, ಯೋಚಿಸಿ. ಜೊತೆಗೆ ಪಟ್ಟಿಯ ಎರಡು ತುದಿ ಕೂಡುವ ಕಡೆ ಸಂದು ಇರುತ್ತದೆ. ಕಪ್ ಒಂದು ಪಕ್ಕಕ್ಕೆ ವಾಲಿ ಕೂರುತ್ತದೆ. ರೋಲರ್‌ನ ಪೂರ್ತಿ ಉದ್ದದ ಮೇಲೆ ಹಂಚಿಕೊಳ್ಳಬೇಕಾದ ಭಾರ ಒಂದು ತುದಿಗೆ ಬೀಳುತ್ತದೆ. ಆ ತುದಿಯೇ ಕಂದಾಗಿದ್ದು.

ಯಾವುದನ್ನು ತರಿಸುವುದು?

ಇಷ್ಟು ಗೊತ್ತಾದ ಮೇಲೆ ಎಲ್68111 ತರಿಸಿದರೆ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ.

ಹಬ್‌ನ ಬೋರ್ ಒಳಗೆ ಗೀರು ಬಿದ್ದು ಹೊಳೆಯುತ್ತಿತ್ತು. ಅಲ್ಲಿ ಕ್ಯಾಲಿಪರ್ ಅಳತೆ ನೆಚ್ಚುವಂತಿರಲಿಲ್ಲ. ಲೇತ್ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರ ಹತ್ತಿರ ಡ್ರಮ್ ತೆಗೆದುಕೊಂಡು ಹೋದೆವು. ಅವರು ಬೋರ್ ಗೇಜ್ ಹಾಕಿ ಮೂರು ದಿಕ್ಕಿನಲ್ಲಿ ಅಳೆದರು. ಒಂದು ಕಡೆ 60.02, ಇನ್ನೊಂದು ಕಡೆ 60.06. ದೊಡ್ಡದಾಗಿದ್ದಲ್ಲದೆ ಅಂಡಾಕಾರಕ್ಕೂ ತಿರುಗಿತ್ತು. ಬೋರ್ ಕಪ್‌ಗಿಂತ ಕೆಲವು ನೂರನೇ ಮಿಲಿಮೀಟರ್ ಚಿಕ್ಕದಿರಬೇಕು. ಆಗಲೇ ಕಪ್ ಒತ್ತಿ ಕೂರುವುದು. ಬಲಗಡೆ ಮುಂದಿನ ಹಬ್‌ನಿಂದ ತೆಗೆದಿದ್ದ ಎಲ್68111 ಕಪ್ಪನ್ನು ಅವರು ಬೋರ್ ಮೇಲೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದರು. ಅದು ಸದ್ದಿಲ್ಲದೆ ಒಳಗೆ ಹೋಯಿತು.

"ಇದಕ್ಕೆ ಬೇರಿಂಗ್ ಹುಡುಕಬೇಡಿ, ಡ್ರಮ್ ಹುಡುಕಿ" ಎಂದರು.

"ಬೇರಿಂಗ್ ಹಿಡಿಸೋ ಅಂಟು ಬರುತ್ತಲ್ಲ ಸಾರ್, ಅದು ಹಾಕಿದರೆ?" ಗೆಳೆಯ ಕೇಳಿದ.

ಅಂಥ ಅಂಟು ಇದೆ. ಯಂತ್ರಗಳಲ್ಲಿ ಅದು ಒಳ್ಳೆಯ ಕೆಲಸವನ್ನೂ ಮಾಡುತ್ತದೆ. ಆದರೆ ಇದು ಬ್ರೇಕ್ ಡ್ರಮ್. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಕಾಯುತ್ತದೆ. ಬೋರ್ ದುಂಡಗಿಲ್ಲ, ಕಪ್ ನೆಟ್ಟಗೆ ಕೂರುತ್ತದೆ ಅನ್ನುವ ಭರವಸೆಯಿಲ್ಲ. ಬೋರ್ ದೊಡ್ಡದು ಮಾಡಿ ಒಳಗೆ ಬುಷ್ ಕೂರಿಸುವುದು ಇನ್ನೊಂದು ದಾರಿ. ಈ ಹಬ್‌ನ ಗೋಡೆ ಅಷ್ಟು ದಪ್ಪವಿಲ್ಲ ಅಂತ ಆ ಹಿರಿಯರೇ ಬೇಡವೆಂದರು. ನನ್ನ ಅಭಿಪ್ರಾಯವೂ ಅದೇ. ಚಕ್ರ ನಿಲ್ಲುವ ಜಾಗದಲ್ಲಿ ತೇಪೆ ಹಾಕುವುದು ಬೇಡ.

ಹೊಸ ಡ್ರಮ್ ಹಾಕುವ ಮುಂಚೆ ಸ್ಪಿಂಡಲ್ ಸರಿಯಿದೆಯೇ ಅಂತ ನೋಡಬೇಕು. ಸ್ಪಿಂಡಲ್ ಹೋಗಿದ್ದರೆ ಆಕ್ಸಲ್ಲೇ ಹೋದಂತೆ. ಅದೃಷ್ಟ ಚೆನ್ನಾಗಿತ್ತು. ನೀಲಿ ಬಣ್ಣ ಇರಲಿಲ್ಲ. ಉಗುರು ಎಳೆದರೆ ಎಲ್ಲೂ ಏಣು ತಾಗಲಿಲ್ಲ. ಮೈಕ್ರೋಮೀಟರ್‌ನಲ್ಲಿ ಒಳಗಿನ ಬೇರಿಂಗ್ ಕೂರುವ ಕಡೆ 34.92 ಮಿ.ಮೀ. ಬಂತು. ಎಲ್68149 ಕೋನ್‌ನ ಒಳ ವ್ಯಾಸ 34.99. ಜಾರಿ ಕೂರಲು ಅಷ್ಟು ಸಂದು ಸರಿ. ಹೊರಗಿನ ಎಲ್44649 ಕೋನ್‌ನ ಒಳ ವ್ಯಾಸ 26.99, ಅಲ್ಲೂ ತೊಂದರೆ ಇರಲಿಲ್ಲ. ಗ್ರೀಸ್ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್ ಉಜ್ಜುವ ಜಾಗವನ್ನು ನುಣ್ಣನೆಯ ಎಮರಿ ಕಾಗದದಿಂದ ಹೊಳಪು ಮಾಡಿದೆವು. ಸೀಲ್ 1.719 ಇಂಚು ಒಳ ವ್ಯಾಸ, 2.565 ಇಂಚು ಹೊರ ವ್ಯಾಸದ್ದು. ಅದರಲ್ಲೂ ಎರಡು ತುಟಿ ಇರುವ ಬಗೆಯೇ ಬೇಕಿತ್ತು. ಈ ಸ್ಪಿಂಡಲ್ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇದೆ, ಗನ್‌ನಿಂದ ಒತ್ತಿದ ಗ್ರೀಸ್ ಮೊದಲು ಸೀಲ್ ಹಿಂದೆಯೇ ಬರುತ್ತದೆ. ಒಂದೇ ತುಟಿಯ ಸೀಲ್ ಹಾಕಿದರೆ ಅದು ದಾಟಿ ಬ್ರೇಕ್ ಶೂ ಮೇಲೆ ಹೋಗಬಹುದು.

ಡ್ರಮ್ ಆರಿಸುವಾಗ ಒಂದು ಹಟ ಹಿಡಿದೆವು: ಕಪ್ ಕೂರಿಸದೆ ಇರುವುದೇ ಬೇಕು. ಕಪ್ ಒತ್ತಿ ತಯಾರು ಮಾಡಿದ ಡ್ರಮ್ ಸಿಗುತ್ತದೆ, ಕೆಲಸವೂ ಬೇಗ ಆಗುತ್ತದೆ. ಆದರೆ ಒಳಗೆ ಕೂತ ಕಪ್‌ನ ನಂಬರ್ ಕಾಣದೆ ಹೋದರೆ ಮುಂದೊಂದು ದಿನ ಮತ್ತೆ ಇದೇ ಗೊಂದಲ. ಬೋಲ್ಟ್‌ಗಳು 5, ಅವುಗಳ ವೃತ್ತ 4.5 ಇಂಚು, ಬ್ರೇಕ್ 10 ಇಂಚು ವ್ಯಾಸ ಮತ್ತು 2.25 ಇಂಚು ಅಗಲ. ಬಂದ ಡ್ರಮ್‌ನ ಬೋರ್ ಅಳೆಸಿದೆವು. 59.92. ಎಲ್68111ಕ್ಕೆ 0.05 ಬಿಗಿ. ಆಮೇಲೆಯೇ ಬೇರಿಂಗ್ ಪೊಟ್ಟಣ ಒಡೆದದ್ದು.

ಯಾವ ಕಂಪನಿಯದು ಅನ್ನುವ ಪ್ರಶ್ನೆಗೆ ನಾವು ಹೆಚ್ಚು ಹೊತ್ತು ಕಳೆಯಲಿಲ್ಲ. ಹೆಸರಿಲ್ಲದ ಕಿಟ್‌ಗಳಲ್ಲೂ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಆದರೆ ಉಕ್ಕು ಎಷ್ಟು ಶುದ್ಧ, ರೋಲರ್ ಎಷ್ಟು ನಿಖರ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಗುಣಕ್ಕೆ ಹೆಸರೊಂದೇ ಜವಾಬ್ದಾರಿ. ಉಂಗುರದ ಮೇಲೆ ತಯಾರಕರ ಹೆಸರು, ನಂಬರ್ ಸ್ಪಷ್ಟವಾಗಿ ಇರಬೇಕು. ಬರೀ ಡಬ್ಬಿಯ ಮೇಲೆ ಇದ್ದರೆ ಸಾಲದು, ನಕಲಿ ಡಬ್ಬಿಗಳೂ ಇವೆ. ಗೊತ್ತಿರುವ ಮಾರಾಟಗಾರರಿಂದಲೇ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ಕೋನ್ ಮತ್ತು ಕಪ್ ಒಂದೇ ಸೆಟ್‌ನಲ್ಲಿ ಬರಬೇಕು. ಹಳೇ ಕಪ್‌ಗೆ ಹೊಸ ಕೋನ್ ಹಾಕಿದರೆ ಹಳೆಯದರ ಗುಳಿ ಹೊಸದರ ರೋಲರ್‌ಗೆ ಇಳಿಯುತ್ತದೆ.

ಎಡಗಡೆಯ ಎರಡು ಚಕ್ರದ ಬೇರಿಂಗ್ ಬದಲಿಸಬೇಕೆಂದು ಗೆಳೆಯನಿಗೆ ಆಸೆ. "ಎಲ್ಲ ಒಂದೇ ಸಲ ಆಗಿಬಿಡಲಿ" ಎಂದ. ನಾನು ಬೇಡ ಎಂದೆ. ತೊಳೆದು ನೋಡಿದರೆ ರೋಲರ್ ಕನ್ನಡಿಯಂತಿದ್ದವು. ಕಪ್ ಅಲುಗಾಡದೆ ಕೂತಿತ್ತು. ಸರಿಯಾಗಿ ಕೂತ ಕಪ್ಪನ್ನು ಸುಮ್ನೆ ಹೊಡೆದು ಹೊರಗೆ ತಂದರೆ ಬೋರ್‌ಗೆ ಗೀರು ಬೀಳುತ್ತದೆ. ಅದೇ ಕೋನ್ ಅದೇ ಕಪ್‌ಗೆ ಹೋಗುವಂತೆ ಗುರುತು ಮಾಡಿ, ಹೊಸ ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿ ಮುಚ್ಚಿದೆವು.

ದೊಡ್ಡ ಆಕ್ಸಲ್ ಇರುವವರಿಗೂ ಇದೇ ಬಲೆ ಕಾದಿದೆ. 5200ರಿಂದ 6000 ಪೌಂಡ್ ಆಕ್ಸಲ್‌ಗಳಲ್ಲಿ ಒಳಗಿನ ಕೋನ್ ಸಾಮಾನ್ಯವಾಗಿ 25580. ಹೊರಗಿನದು ಕೆಲವು ಕಡೆ 15123, ಕೆಲವು ಕಡೆ ಎಲ್‌ಎಂ67048. ಎರಡರ ಒಳ ವ್ಯಾಸವೂ 31.75 ಮಿ.ಮೀ., ಎರಡೂ ಅದೇ ಸ್ಪಿಂಡಲ್ ಮೇಲೆ ಜಾರಿ ಹೋಗುತ್ತವೆ. ಆದರೆ 15245 ಕಪ್‌ನ ಹೊರ ವ್ಯಾಸ 62 ಮಿ.ಮೀ., ಎಲ್‌ಎಂ67010 ಕಪ್‌ನದು 59.13. ಆಕ್ಸಲ್ ತೂಕ ಹೇಳಿ ಬೇರಿಂಗ್ ತರಿಸಿದರೆ ಯಾವುದು ಬರುತ್ತದೋ ಹೇಳಲಾಗದು.

ಕೂರಿಸಿದ್ದು

ಕಪ್ಪನ್ನು ಅಗಲ ಬಾಯಿ ಹೊರಕ್ಕೆ ಬರುವಂತೆ ಇಟ್ಟು, ಹಳೇ ಕಪ್ಪನ್ನೇ ಮೇಲೆ ಹಿಡಿದು ಮೆಲ್ಲಗೆ ಬಡಿದೆವು. ಹಳೆಯದು ಒಳಗೆ ಸಿಕ್ಕಿಕೊಳ್ಳದಂತೆ ಅದರ ಹೊರ ಅಂಚನ್ನು ಮೊದಲೇ ಕೊಂಚ ಉಜ್ಜಿ ಚಿಕ್ಕದು ಮಾಡಿದ್ದೆ. ಕಪ್ ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಠಣ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್, 2ನೇ ದರ್ಜೆಯ ಗಟ್ಟಿತನ, ಕರಗಿ ತೊಟ್ಟಿಕ್ಕುವ ಮಟ್ಟ 230 ಡಿಗ್ರಿಗಿಂತ ಮೇಲೆ. ಹಳೇ ಗ್ರೀಸ್ ಒಂಚೂರೂ ಉಳಿಯದಂತೆ ತೊಳೆದೆವು. ಬೇರೆ ಬೇರೆ ಬಗೆಯ ಗ್ರೀಸ್ ಬೆರೆತರೆ ಕೆಲವು ತೆಳ್ಳಗಾಗಿ ಹರಿದುಹೋಗುತ್ತವೆ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಕೋನ್‌ನ ಅಗಲ ಅಂಚನ್ನು ಅದಕ್ಕೆ ಒತ್ತೊತ್ತಿ, ಇನ್ನೊಂದು ಕಡೆಯಿಂದ ಉಕ್ಕಿ ಬರುವವರೆಗೂ ತುಂಬಿದೆವು.

ನಟ್ ಬಿಗಿಯುವಾಗ ಡ್ರಮ್ ತಿರುಗಿಸುತ್ತಲೇ ಇದ್ದು 68 ನ್ಯೂಟನ್ ಮೀಟರ್‌ವರೆಗೆ ಬಿಗಿದೆ. ಇದು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರಲಿ ಅಂತ. ಆಮೇಲೆ ಡ್ರಮ್ ಅಲುಗಿಸದೆ ನಟ್ ಪೂರ್ತಿ ಸಡಿಲಿಸಿ, ಬರೀ ಬೆರಳಲ್ಲಿ ಬಿಗಿದು, ನಟ್ ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿದೆ. ಗೆಳೆಯನಿಗೆ ಇದು ನಂಬಲಾಗಲಿಲ್ಲ. "ಬರೀ ಬೆರಳ ಬಿಗಿಯಾ?" ಎಂದ. ಹೌದು, ಅಷ್ಟೇ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಟೇಪರ್ ಬೇರಿಂಗ್‌ಗೆ ಅಕ್ಷದ ಉದ್ದಕ್ಕೆ 0.025ರಿಂದ 0.25 ಮಿ.ಮೀ. ಆಟ ಇರಬೇಕು. ಕೆಲವು ಟ್ರೇಲರ್‌ಗಳಲ್ಲಿ ಬರುವ ಮುಚ್ಚಿದ ಬೇರಿಂಗ್‌ಗೆ ಈ ಕ್ರಮ ಹೊಂದುವುದಿಲ್ಲ. ಅಲ್ಲಿ ಒಮ್ಮೆ ಮಾತ್ರ ಬಳಸುವ ನಟ್ ಇರುತ್ತದೆ, ತಯಾರಕರು ಹೇಳಿದ ದೊಡ್ಡ ಬಿಗಿಗೇ ಅದನ್ನು ಬಿಗಿಯಬೇಕು. ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಸೀಲ್ ಹಾಕುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆವು. ಹೊಸ ಕಪ್‌ನ ಅಂಚಿನಿಂದ ಹಬ್‌ನ ಮೇಲೆ ದಾಟುವಂತೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದೆವು. ಆ ಎರಡು ಬಲಗಡೆಯ ಹಬ್‌ಗಳಿಗೂ.

ಮೊದಲ 25 ಕಿಲೋಮೀಟರ್‌ಗೆ ನಿಲ್ಲಿಸಿ ಚಕ್ರದ ನಟ್ ಮತ್ತೆ ಬಿಗಿ ನೋಡಿ, ಟೇಪಿನ ಚೂರುಗಳ ಮೇಲೆ ಬಿಸಿ ಅಳೆದೆವು. 80ಕ್ಕೆ ಮತ್ತೊಮ್ಮೆ. ನಾಲ್ಕೂ 44ರಿಂದ 49ರೊಳಗೆ ಇದ್ದವು. ಗೆಳೆಯ ಟ್ರೇಲರ್‌ನ ಸಾಮಾನು ಪೆಟ್ಟಿಗೆಯ ಮುಚ್ಚಳದ ಒಳಗಡೆ ದಪ್ಪ ಅಕ್ಷರದಲ್ಲಿ ನಾಲ್ಕು ನಂಬರ್ ಬರೆದ. ಎಲ್68111 ಕೆಳಗೆ ಎರಡು ಗೆರೆ ಹಾಕಿದ. ಗ್ರೀಸ್ ಬದಲಿಸಿದ ತಾರೀಕೂ ಬರೆದ. 12 ತಿಂಗಳಿಗೆ ಅಥವಾ 12,000 ಮೈಲಿಗೆ, ಅಂದರೆ ಸುಮಾರು 19,000 ಕಿಲೋಮೀಟರ್‌ಗೆ, ಯಾವುದು ಮೊದಲೋ ಆಗ ಬಿಚ್ಚಬೇಕು. ನಿಪ್ಪಲ್‌ನಿಂದ ಗ್ರೀಸ್ ಒತ್ತಿದರೆ ಬಿಚ್ಚಿದಂತೆ ಆಗುವುದಿಲ್ಲ. ಈ ಹಬ್‌ಗೂ ಹೊರಗಿನಿಂದ ಗ್ರೀಸ್ ಒತ್ತಿಯೇ ಇದ್ದರು, ತಗಡು ಯಾರಿಗೂ ಕಂಡಿರಲಿಲ್ಲ.

ನಾವು ಅಷ್ಟು ದಿನ ಕಾಯಲಿಲ್ಲ. ಸುಮಾರು 1000 ಕಿಲೋಮೀಟರ್ ಆದ ಮೇಲೆ ಬಲಗಡೆ ಹಿಂದಿನದನ್ನು ಬಿಚ್ಚಿದೆವು. ಸೀಲ್ ಕಿತ್ತು, ಕೋನ್ ತೆಗೆದು, ಗ್ರೀಸ್ ಒರೆಸಿ ಟಾರ್ಚ್ ಬಿಟ್ಟೆವು. ಬಿಳಿ ಗೆರೆ ಕಪ್ ಮೇಲಿಂದ ಹಬ್ ಮೇಲಕ್ಕೆ ಎಲ್ಲೂ ಮುರಿಯದೆ, ಎಳೆದ ಹಾಗೇ ನೇರವಾಗಿ ಇತ್ತು.